ಮೊದಲ ಮೂರು ಹೇಳಪ್ಪ

ಅವತ್ತು ಮೇಲೂರಿನ ನಮ್ಮ ಸೋದರಮಾವನ ಮನೆಯ ನಡುಮನೆಯಲ್ಲಿ ಇದ್ದವರು ಇಷ್ಟು ಜನ: ಚಾಪೆಯ ಮೇಲೆ ಗೌರಿಬಿದನೂರಿನಿಂದ ಹೆಣ್ಣು ನೋಡಲು ಬಂದ ಗಂಡು, ಅವನ ಅಪ್ಪ, ಅಮ್ಮ. ಕುರ್ಚಿಯಲ್ಲಿ ಮಾವ. ಅಡುಗೆಮನೆಯ ಬಾಗಿಲಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದ ಅತ್ತೆ. ಒಳಕೋಣೆಯಲ್ಲಿ ಸೀರೆಯುಟ್ಟು, ಮುಖ ಊದಿಸಿಕೊಂಡು ಕೂತ ಅವರ ಮಗಳು ರೂಪ. ಮತ್ತು ಏನಾಗಬಾರದೋ ಅದು ಆಗದ ಹಾಗೆ ನೋಡಿಕೊಳ್ಳಲೆಂದೇ ಚಿಕ್ಕಬಳ್ಳಾಪುರದ ಆಫೀಸಿಗೆ ರಜೆ ಹಾಕಿ ಬಂದ ನಾನು.

ಅದು ಆಯಿತು!

ಗಂಡಿನ ಊರು, ಓದು, ಕೆಲಸ ಯಾವುದನ್ನೂ ಕೇಳದೆ ಮಾವ ಮುಂದಕ್ಕೆ ಬಾಗಿ, "ಎಲ್ಲಾ ಇರ್ಲಿ. ನಿನ್ನ ಮೊದಲ ಮೂರು ಹೇಳಪ್ಪ" ಎಂದರು.

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಉಪ್ಪಿಟ್ಟಿನ ಮುಖ ನೋಡಿದರು. "ಮೊದಲ ಮೂರು ಅಂದ್ರೆ... ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿನಾ ಸರ್?"

"ಅದನ್ನ ಕಟ್ಕೊಂಡು ನನಗೇನು? ಸೂಪರ್ ಹೀರೋ ಸಿನಿಮಾಗಳಲ್ಲಿ ನಿನಗೆ ಮೊದಲನೇದು ಯಾವುದು, ಎರಡನೇದು ಯಾವುದು, ಮೂರನೇದು ಯಾವುದು?"

"ನಾನು ಅವೆಲ್ಲ ನೋಡಲ್ಲ ಸರ್. ಮಕ್ಕಳ ಸಿನಿಮಾ ಅಲ್ವಾ" ಎಂದು ಹುಡುಗ ನಕ್ಕ. ಪಾಪ, ಆ ಮನೆಯಲ್ಲಿ ಅವನು ನಕ್ಕ ಕೊನೆಯ ನಗು ಅದು.

ಅವರು ಹೋದ ಮೇಲೆ ಮಾವ ತೀರ್ಪು ಕೊಟ್ಟರು: "ಮಕ್ಕಳ ಸಿನಿಮಾ ಅಂತೆ! ಇವನು ಹುಟ್ಟುವಾಗಲೇ ಇಷ್ಟುದ್ದ ಇದ್ನಾ? ಮಗುವಾಗಿಲ್ದೆ ಇರೋನಿಗೆ ಮಗಳನ್ನ ಕೊಡಬೇಕಾ?"

ಮಾವನಿಗೆ ಹುಚ್ಚು ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಚ್ಚಾಗಿದ್ದರೆ ಎಲ್ಲಾದರೂ ತೋರಿಸಿ ಔಷಧಿ ಕೊಡಿಸಬಹುದಿತ್ತಲ್ಲ! ಉಳಿದ ವಿಷಯಗಳಲ್ಲಿ ಅವರಷ್ಟು ಲೆಕ್ಕಾಚಾರದ ಮನುಷ್ಯ ನಮ್ಮ ಬಳಗದಲ್ಲೇ ಇಲ್ಲ. ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳ ಸಾಕುತ್ತಾರೆ, ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕುತ್ತಾರೆ. ಅಲ್ಲಿ ಅವರ ಗೂಡಿಗೆ ಒಳ್ಳೆಯ ಹೆಸರು. ಆದರೆ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ತೆಲುಗಿಗೆ ಡಬ್ ಆದ ಸೂಪರ್ ಹೀರೋ ಸಿನಿಮಾ ಶುರುವಾಯಿತೆಂದರೆ ಆ ಮನುಷ್ಯನೇ ಬೇರೆ. ನಮ್ಮ ಕಡೆ ತೆಲುಗು ಯಾರಿಗೆ ಬರುವುದಿಲ್ಲ ಹೇಳಿ? "ಭಯಪಡಕಂಡಿ, ನೇನೊಚ್ಚಾನು" ಎಂದು ಹೀರೋ ಆಕಾಶದಿಂದ ಇಳಿದರೆ, ಹೆದರಬೇಡಿ ನಾನು ಬಂದಿದ್ದೇನೆ ಎಂದು ತಮಗೇ ಹೇಳಿದ ಹಾಗೆ ಮಾವ ಎರಡೂ ಕೈ ಎತ್ತಿ ಮುಗಿಯುತ್ತಾರೆ.

ಒಂದು ಸಲ ಬೆಂಗಳೂರಿನ ಮಾಲಿಗೆ ಕರೆದುಕೊಂಡು ಹೋಗಿ ಅಂಥದ್ದೇ ಒಂದನ್ನು ಇಂಗ್ಲಿಷಿನಲ್ಲಿ ತೋರಿಸಿದೆ. ಪುಣ್ಯ ಬರಲಿ ಅಂತ. ಅರ್ಧಕ್ಕೇ ಸಿಡುಕಿದರು. "ಇದಕ್ಕೆ ಇಂಗ್ಲಿಷ್ ಡಬ್ಬಿಂಗ್ ಮಾಡಿದೋರು ಯಾರು ಅಮ್ಮಣ್ಣಿ? ತುಟಿಗೇನೋ ಸರಿಯಾಗಿ ಕೂರಿಸಿದಾರೆ. ಭಾವನೇ ಇಲ್ವಲ್ಲ!"

ಈ ಸಿನಿಮಾಗಳಿಗೆಲ್ಲ ಮಾವ ತಾವೇ ಹೆಸರಿಟ್ಟು ನಂಬರು ಕೊಡುತ್ತಾರೆ. ಒಂದನೇ ನಂಬರು "ಗಾಳಿಯಪ್ಪ ಎರಡನೇ ಭಾಗ". ಎರಡನೆಯದು "ಕರೆಂಟ್ ಕೃಷ್ಣಪ್ಪ", ಅಂದರೆ ಬೆರಳ ತುದಿಯಲ್ಲಿ ಕಿಡಿ ಹಾರಿಸುವವನು. ನಮ್ಮೂರಿನ ಹಳೆಯ ಲೈನ್‌ಮನ್ನಿನ ಹೆಸರು. ಮೂರನೆಯದು "ನೆರಳಮ್ಮ". ಕಟ್ಟಕಡೆಯ ಹತ್ತನೇ ನಂಬರು "ಗಾಜಿನ ಮೈಯೋನು". ಇವುಗಳ ನಿಜವಾದ ಹೆಸರು ಮಾವನಿಗೆ ಬೇಕಿಲ್ಲ. ಗೊತ್ತಿರುವ ನಾನಂತೂ ಬರೆಯುವುದಿಲ್ಲ. ಅಭಿಮಾನಿಗಳು ಮನೆ ಹುಡುಕಿಕೊಂಡು ಬಂದರೆ ಅವರಿಗೂ ಕಾಫಿ ಮಾಡಿಕೊಡುವವರು ಯಾರು?

ನಂಬರು ಕೊಡುವ ವಿಧಾನ ಕೇಳಿ. ಮಾರ್ಕೆಟ್ಟಿನಲ್ಲಿ ಗೂಡು ಕೊಳ್ಳುವವರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳ ಗಟ್ಟಿಯಾಗಿದ್ದರೆ ಲೊಟಲೊಟ ಸದ್ದು ಬರುತ್ತದೆ. ಸತ್ತು ಕರಗಿದ್ದರೆ ಸದ್ದೇ ಇಲ್ಲ. ಮಾವ ಸಿನಿಮಾವನ್ನೂ ಹಾಗೇ ಪರೀಕ್ಷಿಸುತ್ತಾರೆ. ಮಾರನೆಯ ದಿನ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ಕಣ್ಣು ಮುಚ್ಚಿ ತಲೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಾರೆ. ಏನಾದರೂ ಸದ್ದು ಮಾಡಿದರೆ ಒಳ್ಳೆಯ ಸಿನಿಮಾ. ದಾರಿಯಲ್ಲಿ ಹೋಗುವವರು ಮಾತ್ರ ಈ ದೃಶ್ಯ ನೋಡಿ ನಮ್ಮ ಅತ್ತೆಯನ್ನು ವಿಚಾರಿಸಿಕೊಂಡು ಹೋಗುತ್ತಾರೆ.

ಮೇಲಾಗಿ ಕಾನೂನುಗಳಿವೆ. ಹೀರೋ ಸೇತುವೆಯಿಂದ ಬೀಳುವ ಬಸ್ಸನ್ನು ಹಿಡಿದರೆ ಸಾಲದು, ಆ ಬಸ್ಸಿನವರು ಆಮೇಲೆ ಊರಿಗೆ ಹೇಗೆ ಹೋದರು ಎಂದು ತೋರಿಸಬೇಕು. ತೋರಿಸದಿದ್ದರೆ ನಂಬರು ಇಳಿಯುತ್ತದೆ. ಲೋಕವನ್ನೇ ಕಾಪಾಡಿದೆ ಅಂದರೆ, "ಲೋಕ ಅಂದ್ರೆ ಶಿಡ್ಲಘಟ್ಟನೂ ಸೇರ್ತು ತಾನೇ? ಒಂದು ಸಲವಾದ್ರೂ ಈ ಕಡೆ ತಲೆ ಹಾಕಿದಾನಾ?" ಗಾಜಿನ ಮೈಯೋನು ಕಟ್ಟಕಡೆಗೆ ಹೋಗಿದ್ದು ಅವನ ಹೆಗಲ ಮೇಲಿನ ಬಟ್ಟೆಯಿಂದ. "ಅದು ಪಾಲಿಸ್ಟರ್ ಕಣಮ್ಮ. ನನ್ನ ಕಣ್ಣು ತಪ್ಪಿಸ್ತಾನಾ? ಪಾಲಿಸ್ಟರ್ ಹೊದ್ಕೊಂಡು ಬೆಂಕಿಗೆ ಹಾರ್ತಾನಲ್ಲ, ಅವನಿಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಅತ್ತೆಗೆ ಇದೆಲ್ಲ ಕಂಡರಾಗದು. "ಆ ಹಾರೋರನ್ನ ಆರಿಸ್ತೀರೋ, ನಾನೇ ಬಂದು ಪ್ಲಗ್ ಕೀಳ್ಲೋ?" ಎಂದು ಅಡುಗೆಮನೆಯಿಂದಲೇ ಕೂಗುತ್ತಾರೆ. ಅವರು ಇಷ್ಟು ವರ್ಷದಲ್ಲಿ ಒಂದೇ ಒಂದು ಸಿನಿಮಾಕ್ಕೂ ಮುಖ ಕೊಟ್ಟು ಕೂತವರಲ್ಲ.

ಒಮ್ಮೆ ಗೌರಿಬಿದನೂರಿನಲ್ಲಿ ಒಂದು ನಾಮಕರಣಕ್ಕೆ ಮಾವನೂ ನಾನೂ ಬಸ್ಸಿನಲ್ಲಿ ಹೊರಟೆವು. ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ, ಅಯ್ಯೋ ನನ್ನ ಕರ್ಮ, ಗಾಳಿಯಪ್ಪ ಎರಡನೇ ಭಾಗವನ್ನೇ ನೋಡುತ್ತಿದ್ದ! ಮಾವ ಅವನ ಹೆಗಲಿನ ಮೇಲೆ ಗದ್ದ ಇಟ್ಟರು.

"ಒಳ್ಳೇ ಸಿನಿಮಾ ಕಣಪ್ಪ. ಕೊನೆ ಬಂದಾಗ ಕರ್ಚೀಫ್ ಇಟ್ಕೋ."

"ಕೊನೇಲಿ ಸತ್ತೋಗ್ತಾನಲ್ವಾ ಅಂಕಲ್" ಎಂದ ಹುಡುಗ.

"ಯಾರು ಸಾಯೋದು? ಅವನು ಆಕಾಶದಿಂದ ಇಳಿದು ಅಮ್ಮನ ಮನೆಗೆ ಬರ್ತಾನೆ. ಅವಳು ಕಾಲು ತೊಳೆಯೋಕೆ ಚೆಂಬಲ್ಲಿ ನೀರು ಕೊಡ್ತಾಳೆ."

"ಅಂಕಲ್, ಅವನು ಸೂರ್ಯನೊಳಕ್ಕೆ ಹೋಗಿ ಸುಟ್ಟೋಗ್ತಾನೆ!"

"ನೀರು ಕೊಡ್ತಾಳೆ!"

"ಸುಟ್ಟೋಗ್ತಾನೆ!"

ಅರ್ಧ ಬಸ್ಸು ಒಂದು ಕಡೆ, ಅರ್ಧ ಬಸ್ಸು ಇನ್ನೊಂದು ಕಡೆ. ಆ ಸಿನಿಮಾ ನಾನೂ ನೋಡಿದ್ದೇನೆ. ಹುಡುಗ ಹೇಳಿದ್ದೇ ಸರಿ, ಚೆಂಬೂ ಇಲ್ಲ ನೀರೂ ಇಲ್ಲ. ಆದರೆ ಬಾಯಿ ಬಿಡಲು ನನಗೇನು ತಲೆ ಕೆಟ್ಟಿದೆಯೇ? ವಾದ ಮುಗಿದು ಹೊರಗೆ ನೋಡಿದರೆ ಗೌರಿಬಿದನೂರು ಹಿಂದೆ ಹೋಗಿ ವಿದುರಾಶ್ವತ್ಥ ಬಂದಿತ್ತು. ಇಳಿದು, ನಾಮಕರಣದ ಉಡುಗೊರೆಯನ್ನು ಕಂಕುಳಲ್ಲಿಟ್ಟುಕೊಂಡು ಮಾವ ಏನೂ ಆಗಿಲ್ಲವೆಂಬಂತೆ ಹೇಳಿದರು: "ಬಂದದ್ದು ಬಂದಿದೀವಿ, ನಾಗರಕಲ್ಲಿಗೆ ಕೈ ಮುಗಿದು ಹೋಗಣ." ನಾವು ತಲುಪುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು, ಊಟವೂ ಮುಗಿದು, ಎಲೆಯಲ್ಲಿ ಹೋಳಿಗೆಯ ಬದಲು ಹೋಳಿಗೆಯ ಪರಿಮಳ ಇತ್ತು.

ಇಂಥವರ ಕೈಯಲ್ಲಿತ್ತು ರೂಪಳ ಮದುವೆ! ರೂಪ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಅಲ್ಲೇ ಗಣಿತದ ಮೇಷ್ಟ್ರು ಗಿರೀಶ, ಚಿಂತಾಮಣಿಯವನು. ಇಬ್ಬರಿಗೂ ಮನಸ್ಸಾಗಿತ್ತು. ಅತ್ತೆಗೆ ಗೊತ್ತಿತ್ತು, ಗೌರಿಬಿದನೂರಿನವರು ಬಂದುಹೋದ ಮೇಲೆ ನನಗೂ ಗೊತ್ತಾಯಿತು, ಶಾಲೆಯ ಮೂರನೇ ಕ್ಲಾಸಿನವರಿಗಂತೂ ಮೊದಲೇ ಗೊತ್ತಿತ್ತು. ಹೆಣ್ಣು ನೋಡಲು ಬಂದವರನ್ನೆಲ್ಲ ಮಾವ ಮೊದಲ ಮೂರರಲ್ಲೇ ಮುಗಿಸುತ್ತಿದ್ದುದು ಇಲ್ಲಿಯವರೆಗೆ ಅವರಿಬ್ಬರಿಗೆ ಅನುಕೂಲವೇ ಆಗಿತ್ತು. ಈಗ ಗಿರೀಶನ ಸರದಿ. "ಇವನನ್ನೂ ಕಳಿಸಿಬಿಟ್ರೆ ನಾನು ಇನ್ಯಾರನ್ನೂ ನೋಡಲ್ಲ ಅಕ್ಕ. ಅಪ್ಪನ ಹತ್ರ ಜಗಳಾನೂ ಆಡಲ್ಲ. ಸುಮ್ನೆ ಇದ್ದುಬಿಡ್ತೀನಿ" ಎಂದಳು ರೂಪ. ಅವಳು ಸುಮ್ಮನಿರುವುದನ್ನು ನಾನು ಎಂದೂ ಕಂಡಿರಲಿಲ್ಲ. ಹೆದರಿಕೆಯಾಯಿತು.

ಸರಿ, ಗಿರೀಶನಿಗೆ ಫೋನಿನಲ್ಲಿ ಪಾಠ ಶುರುಮಾಡಿದೆ.

"ಒಂದನೇದು ಗಾಳಿಯಪ್ಪ. ಹೇಳು."

"ಗಾಳಿಯಪ್ಪ. ಆದರೆ ಅಕ್ಕಾ, ಇದರಲ್ಲಿ ಸೂತ್ರ ಏನು? ಯಾವ ಆಧಾರದ ಮೇಲೆ ನಂಬರ್ ಕೊಡ್ತಾರೆ?"

"ಸೂತ್ರ ಇದ್ದಿದ್ರೆ ನಾವೆಲ್ಲ ಇಷ್ಟೊತ್ತಿಗೆ ಸುಖವಾಗಿರ್ತಿದ್ವಿ ಕಣಪ್ಪ. ಬಾಯಿಪಾಠ ಮಾಡು!"

ಹೆಣ್ಣು ನೋಡುವ ದಿನ ಗಿರೀಶ ತನ್ನ ತಾಯಿಯ ಜೊತೆ ಬಂದ. ಉಪ್ಪಿಟ್ಟು ಬಂತು. ಪ್ರಶ್ನೆಯೂ ಬಂತು. ಗಿರೀಶ ಎದೆ ಉಬ್ಬಿಸಿ, ಮಗ್ಗಿ ಒಪ್ಪಿಸುವವನ ಹಾಗೆ, ಮೊದಲ ಮೂರನ್ನಲ್ಲ, ಹತ್ತನ್ನೂ ಹೇಳಿ, ಕೊನೆಗೆ "ಗಾಜಿನ ಮೈಯೋನದು ಪಾಲಿಸ್ಟರ್ ಸರ್" ಎಂದೂ ಸೇರಿಸಿದ. ನಾನು ಒಳಗೊಳಗೇ ಹಿಗ್ಗಿದೆ. ಮಾವ ಹಿಗ್ಗಲಿಲ್ಲ.

"ಒಂದೇ ತೋಟದ ಸೊಪ್ಪು ತಿಂದ ಹುಳಗಳೇ ಒಂದೇ ಥರ ಗೂಡು ಕಟ್ಟಲ್ಲ. ಚಿಂತಾಮಣಿಲಿ ಬೆಳೆದ ನಿನಗೆ ಮೇಲೂರಿನ ನನ್ನ ಪಟ್ಟಿ ಹೆಂಗೆ ಬಂತು? ಇದು ಕಾಪಿ! ಪರೀಕ್ಷೇಲಿ ಕಾಪಿ ಹೊಡೆದೋರನ್ನ ನೀನು ಏನ್ ಮಾಡ್ತೀಯಪ್ಪ, ಮೇಷ್ಟ್ರೇ?"

"ಆಚೆ ಕಳಿಸ್ತೀನಿ ಸರ್."

ಅವನ ಪ್ರಾಮಾಣಿಕತೆಗೆ ಬೆಂಕಿ ಹಾಕ! ಒಳಕೋಣೆಯಲ್ಲಿ ಬಳೆಗಳ ಸದ್ದು ನಿಂತಿತು. ಗಿರೀಶನ ತಾಯಿ ಸೆರಗು ಸರಿಮಾಡಿಕೊಂಡು ಏಳಲು ಹೊರಟರು. ಆಗ ಗಿರೀಶ ಬೆವರು ಒರೆಸಿಕೊಂಡು ಹೇಳಿದ: "ಸರ್, ನಿಜ ಹೇಳ್ತೀನಿ. ಪಾಠ ಆದ್ಮೇಲೆ ನೋಡೋಣ ಅಂತ ಕೂತೆ. ಒಂದನ್ನೂ ಪೂರ್ತಿ ನೋಡೋಕೆ ಆಗ್ಲಿಲ್ಲ. ನಿದ್ದೆ ಬಂದ್ಬಿಡುತ್ತೆ."

ಮುಗಿಯಿತು ಎಂದುಕೊಂಡೆ. ಮಾವ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದರು.

"ಎಲ್ಲಿ ಬರುತ್ತೆ ನಿದ್ದೆ?"

"ದೊಡ್ಡ ದೊಡ್ಡ ಬಿಲ್ಡಿಂಗ್ ಬೀಳೋಕೆ ಶುರುವಾಗುತ್ತಲ್ಲ ಸರ್, ಅಲ್ಲಿ."

"ನನಗೂ ಅಲ್ಲೇ ಕಣಯ್ಯಾ!" ಮಾವ ತೊಡೆ ತಟ್ಟಿದರು. "ಹುಳಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ಯಾವಾಗಂದ್ರೆ ಆವಾಗ ಎದ್ದು ಸೊಪ್ಪು ಹಾಕಿರ್ತೀನಾ, ಆ ಬಿಲ್ಡಿಂಗು ಬೀಳ್ತಾ ಇದ್ರೆ ಜೋಗುಳ ಹಾಡಿದಂಗೆ ಆಗುತ್ತೆ. ಒಂದು ಬಿಟ್ರೆ ಯಾವುದರದ್ದೂ ಕೊನೆ ನೋಡಿಲ್ಲ."

ಗಿರೀಶ ಎಷ್ಟಾದರೂ ಗಣಿತದವನು. "ಕೊನೆ ನೋಡದೆ ನಂಬರ್ ಹೆಂಗೆ ಕೊಡ್ತೀರಿ ಸರ್?"

"ರೂಪ ಹೇಳ್ತಾಳಲ್ಲ. ಸ್ಕೂಲಿಗೆ ಹೋಗೋ ಕಾಲದಿಂದ ಅವಳೇ ಹೇಳೋದು. ಎದ್ದ ತಕ್ಷಣ ಏನಾಯ್ತಮ್ಮ ಅಂತ ಕೇಳ್ತೀನಿ, ಹೇಳ್ತಾಳೆ."

ರೂಪ ಬಾಗಿಲಿಗೆ ಬಂದು ನಿಂತಿದ್ದಳು. ಮುಖ ಕೆಂಪಗಿತ್ತು. ಚೆಂಬು ಎಲ್ಲಿಂದ ಬಂತು, ನೀರು ಯಾರು ಕೊಟ್ಟರು ಎಂಬುದು ಆಗ ನನಗೆ ಹೊಳೆಯಿತು. ಮಾವ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಗಾಳಿಯಪ್ಪ ಸಾಯ್ತಾನೆ ಅಂತ ನನಗೂ ಗೊತ್ತು ಅಮ್ಮಣ್ಣಿ. ಬಸ್ಸಲ್ಲಿ ಆ ಹುಡುಗ ಹೇಳಿದ್ನಲ್ಲ, ಇನ್ನೊಂದು ಸಲ ಬಂದಾಗ ನಿಂತ್ಕೊಂಡೇ ನೋಡಿದೆ, ಕೂತ್ರೆ ನಿದ್ದೆ ಬರುತ್ತೆ ಅಂತ. ಸಾಯ್ತಾನೆ. ಸಿನಿಮಾದೋರಿಗೆ ಮುಗಿಸೋಕೆ ಬರಲ್ಲ. ನಾನು ನಂಬರ್ ಕೊಟ್ಟಿರೋದು ಇವಳು ಹೇಳಿದ್ದಕ್ಕೆ."

ಮಾವ ಗಿರೀಶನನ್ನು ಒಂದು ಗಳಿಗೆ ನೋಡಿ, "ಎದ್ದಿರೋದು ಕಲ್ತ್ಕೋಬೇಡಪ್ಪ. ಬಂದ್ರೆ ನಿದ್ದೆ ಮಾಡು. ಇವಳು ಹೇಳ್ತಾಳೆ" ಎಂದು ಎದ್ದು ಹುಳುವಿನ ಮನೆಗೆ ಹೊರಟುಹೋದರು.

ಗಿರೀಶನ ತಾಯಿ ಗಾಬರಿಯಿಂದ ಅತ್ತೆಯ ಮುಖ ನೋಡಿದರು. "ಒಪ್ಪಿದ್ರು ಅಂತ ಅರ್ಥ ಕಣಮ್ಮ" ಎಂದರು ಅತ್ತೆ. "ನಮ್ಮನೇಲಿ ಹಿಂಗೇ. ಉಪ್ಪಿಟ್ಟು ತಗೊಳ್ಳಿ."

ಮದುವೆ ಚಿಂತಾಮಣಿಯಲ್ಲೇ ಆಯಿತು. ಅದಾದ ಮೇಲೆ ಒಂದು ಭಾನುವಾರ ನಾನು ಮೇಲೂರಿಗೆ ಹೋಗಿದ್ದೆ. ಟಿವಿಯಲ್ಲಿ ನೀಲಿ ಬಟ್ಟೆಯವನೊಬ್ಬನ ಹೊಸ ಸಿನಿಮಾ ಬರುತ್ತಿತ್ತು. ಬಿಲ್ಡಿಂಗುಗಳು ಬೀಳತೊಡಗಿದವು, ಮಾವನ ತಲೆ ವಾಲಿತು. ಅತ್ತೆ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಅಡುಗೆಮನೆಯಿಂದ ಬಂದರು. ಟಿವಿ ಆರಿಸುತ್ತಾರೆ ಎಂದುಕೊಂಡೆ. ಅವರು ಮಣೆ ಎಳೆದುಕೊಂಡು ಟಿವಿಯ ಎದುರು ಕೂತರು. ಕಾಯಿ ಸುಲಿಯುತ್ತಾ, ಕಣ್ಣು ಕೀಳದೆ ನೋಡಿದರು. ನಡುವೆ ಒಮ್ಮೆ ಮಾತ್ರ, "ಆ ನೀಲಿಯೋನು ಒಳ್ಳೆಯೋನಾ, ಕೆಟ್ಟೋನಾ?" ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ಒಳ್ಳೆಯವನು ಎಂದೆ. ಹೆಸರುಗಳು ಬಂದು ಮುಗಿಯುವವರೆಗೂ ಕದಲಲಿಲ್ಲ.

ಮಾವ ಎಚ್ಚರಗೊಂಡರು. "ಏನಾಯ್ತಮ್ಮ?" ಎಂದು ಪಕ್ಕಕ್ಕೆ ತಿರುಗಿದರು. ರೂಪ ಕೂರುತ್ತಿದ್ದ ಜಾಗ ಖಾಲಿ ಇತ್ತು.

"ಎಲ್ಲಾ ಸರಿಹೋಯ್ತು" ಎಂದರು ಅತ್ತೆ, ಮೊರದಿಂದ ತಲೆಯೆತ್ತದೆ. "ಅವನು ಮನೆಗೆ ಬಂದ. ಹೆಂಡತಿ ಅವರೆಕಾಳು ಸಾರು ಮಾಡಿದ್ಲು."

ಮಾವ ಕಣ್ಣು ಮುಚ್ಚಿ ತಲೆಯನ್ನು ಮೆಲ್ಲಗೆ ಅಲ್ಲಾಡಿಸಿದರು.

"ಮುದ್ದೆ?"

"ಮುದ್ದೆನೂ."