ಮೊದಲನೇ ಹೆಸರಿಗೆ ‘ದಿ’

ಒಂದೇ ಕೆಲಸವನ್ನು ನೂರು ಸಲ ಮಾಡಿ ಬೇಸತ್ತವರು ಅದನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದು ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ನೂರು ಸಲ ಮಾಡುತ್ತದೆ. ಚಾಮರಾಜಪೇಟೆಯ ಲಗ್ನಪತ್ರಿಕೆ ಪ್ರೆಸ್ಸೊಂದರಲ್ಲಿ ನಾನು ಕೆಲಸಕ್ಕಿದ್ದಷ್ಟು ಕಾಲವೂ ಇಂಥದ್ದು ನಡೆಯುತ್ತಲೇ ಇತ್ತು.

ಪತ್ರಿಕೆ ಅಚ್ಚು ಹಾಕುವುದರ ಜೊತೆಗೆ ಕವರುಗಳ ಮೇಲೆ ವಿಳಾಸ ಬರೆದುಕೊಡುವುದೂ ನಮ್ಮ ಕೆಲಸ. ಗವಿಪುರದಿಂದ ಬರುತ್ತಿದ್ದ ಅಕ್ಕ ಒಬ್ಬರೇ ಅಷ್ಟನ್ನೂ ಬರೆಯುತ್ತಿದ್ದರು. ಬರೆದು ಬರೆದು ಮಣಿಕಟ್ಟು ಊದಿಕೊಂಡು, ಕಾಫಿ ಲೋಟವನ್ನೂ ಎಡಗೈಯಲ್ಲೇ ಎತ್ತುತ್ತಿದ್ದರು. ಅದಕ್ಕೇ ಯಜಮಾನರು ಕಂಪ್ಯೂಟರ್ ತಂದು ಅದರ ಮುಂದೆ ನನ್ನನ್ನು ಕೂರಿಸಿದ್ದು. ಜೊತೆಗೆ ಒಂದು ಎಚ್ಚರಿಕೆ: "ಈ ಸೀಸನ್ ನೋಡ್ತೀನಿ. ಗಿರಾಕಿ ಒಬ್ರು ಬಂದು ಬೈದ್ರೂ ಸರಿ, ಮೆಷಿನ್ ವಾಪಸ್. ಮತ್ತೆ ಕೈಬರಹವೇ."

ಅಕ್ಕ ಮಣಿಕಟ್ಟು ಸವರಿಕೊಂಡರು.

ರೆಕಾರ್ಡಿಂಗ್

ಕರೆಯಬೇಕಾದವರ ಹೆಸರೆಲ್ಲ ಸ್ಪ್ರೆಡ್‌ಶೀಟಿನಲ್ಲಿರುತ್ತಿತ್ತು. ಪ್ರತಿ ಪಟ್ಟಿಗೂ ಅದೇ ಚಾಕರಿ: ಹೆಸರಿಗೆ ಮೊದಲು ಬರುವ ಗೌರವದ ಪದಗಳ ಕಾಲಂ ತುಂಬು, ಅಕ್ಷರ ದಪ್ಪ ಮಾಡು, ಕವರಿನ ಅಳತೆಗೆ ಕೂರಿಸು. ಒಮ್ಮೆ ಮಾಡಿ ತೋರಿಸಿದರೆ ಮ್ಯಾಕ್ರೋ ಅದನ್ನು ನೆನಪಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ತಾನೇ ಮಾಡಿಬಿಡುತ್ತದೆ.

"ರೆಕಾರ್ಡ್ ಮಾಡ್ತಿದೀನಿ ಸಾರ್" ಎಂದೆ.

ಯಜಮಾನರು ತಟ್ಟನೆ ಫ್ಯಾನ್ ಆರಿಸಿದರು. ಒಳಗೆ ಬಂದ ಗಿರಾಕಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಇದು ಕೈ ಮಾಡಿದ್ದನ್ನು ಹಿಡಿಯುತ್ತದೆಯೇ ಹೊರತು ಬಾಯಿ ಆಡಿದ್ದನ್ನಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಬೆವರು ಒರೆಸಿಕೊಂಡು ಪಿಸುಗುಟ್ಟಿದರು:

"ಈಗ ಕೆಮ್ಮಬಹುದಾ?"

ಶ್ರೀಮತಿ ಮತ್ತು ಶ್ರೀ

ಮ್ಯಾಕ್ರೋ ಎಲ್ಲ ಹೆಸರಿಗೂ "ಶ್ರೀಮತಿ ಮತ್ತು ಶ್ರೀ" ಸೇರಿಸುತ್ತಿತ್ತು. ಒಂದು ದಿನ ಅಕ್ಕ ಕವರೊಂದನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಏನಕ್ಕಾ?"

"ಏನಿಲ್ಲ ಕಣೇ. ಮಠದ ಸ್ವಾಮಿಗಳಿಗೆ ಮದುವೆ ಮಾಡಿದೀಯ."

ಅದನ್ನೇನೋ ಹರಿದೆವು. ಆದರೆ ಅದೇ ಪಟ್ಟಿಯಲ್ಲಿದ್ದ, ಮದುವೆಯಾಗದೆಯೇ ರಿಟೈರಾಗಿದ್ದ ಮೇಷ್ಟ್ರೊಬ್ಬರ ಕವರು ಕಣ್ತಪ್ಪಿ ಹೋಗಿಬಿಟ್ಟಿತ್ತು. ಅವರು ಬೈಯಲಿಲ್ಲ. ಗಾಂಧಿ ಬಜಾರಿನಿಂದ ನಡೆದುಕೊಂಡೇ ಬಂದು, ಮೆತ್ತಗೆ ವಿಚಾರಿಸಿದರು:

"ಶ್ರೀಮತಿ ಅಂತ ಹಾಕಿದೀರ, ಹೆಸರು ಹಾಕಿಲ್ವಲ್ಲ. ಯಾರಮ್ಮ ಆಕೆ?"

ದಿ

ಸ್ವಾಮಿಗಳನ್ನು ಬೇರೆ ಮಾಡುವಂತೆ ಮ್ಯಾಕ್ರೋವನ್ನು ಹೊಸದಾಗಿ ರೆಕಾರ್ಡ್ ಮಾಡಲು ಕೂತೆ. ಅದಕ್ಕೆ ಕಿವಿಯಿಲ್ಲವೆಂದು ಅಷ್ಟರಲ್ಲಿ ತಿಳಿದಿದ್ದ ಯಜಮಾನರು ನಡುವೆ ಬಂದು, "ಮೊದಲನೇ ಹೆಸರಿಗೆ ದಿ ಹಾಕಮ್ಮ, ಪಾಪ, ಹೋದ ತಿಂಗಳು..." ಎನ್ನುವಾಗಲೇ ಫೋನ್ ಬಂತು. ನಾನು ಹಾಕಿದೆ. ರೆಕಾರ್ಡಿಂಗ್ ನಡೆಯುತ್ತಲೇ ಇತ್ತು.

ಹಾಗಾಗಿ ಮುಂದಿನ ಪಟ್ಟಿಯ ಮೊದಲ ಹೆಸರಿಗೂ ತಾನಾಗೇ "ದಿ||" ಬಿತ್ತು. ನನಗದು ಕಾಣಿಸಿತ್ತು. ಆದರೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ನಾನು ಬಲ್ಲ ‘ದಿ’ ಒಂದೇ: ದಿ ಸನ್, ದಿ ಮೂನ್. ಜಗತ್ತಿಗೆಲ್ಲ ಒಬ್ಬರೇ ಇರುವವರಿಗೆ ಹಾಕುವಂಥದ್ದು. ಪಟ್ಟಿಯ ಮೊದಲ ಹೆಸರು ಮನೆತನದ ಹಿರಿಯರದಲ್ಲವೇ? ನಮ್ಮ ಯಜಮಾನರಿಗೆ ಹಿರಿಯರೆಂದರೆ ಎಷ್ಟು ಮರ್ಯಾದೆ ಎಂದುಕೊಂಡೆ. ಅದು ದಿವಂಗತದ ‘ದಿ’ ಎಂದು ಹೇಳಬಹುದಾಗಿದ್ದ ಅಕ್ಕ ಆ ವಾರ ಕೈಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿದ್ದರು.

ಅವರು ವಾಪಸ್ ಬಂದ ದಿನವೇ ಮುದುಕರೊಬ್ಬರು ಕೊಡೆ ಊರಿಕೊಂಡು ಒಳಗೆ ಬಂದು, ಮೇಜಿನ ಮೇಲೆ ಕವರು ಇಟ್ಟರು.

"ಇದು ನಾನು."

ಯಜಮಾನರು ಕವರು ಓದಿದರು, ಅವರನ್ನು ನೋಡಿದರು, ಎದ್ದು ನಿಂತರು. ಅಕ್ಕ ನನ್ನ ಕಿವಿಯಲ್ಲಿ ಅರ್ಥ ಹೇಳಿದಾಗ ನನಗೆ ಮೇಜಿನ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು.

"ತಪ್ಪಾಯ್ತು ರಾಯರೇ. ನಾವಲ್ಲ, ಆ ಮೆಷಿನ್ನು. ಇವತ್ತೇ ಕಳಿಸಿಬಿಡ್ತೀನಿ. ನಾಳೆಯಿಂದ ಮತ್ತೆ ಇವರ ಕೈಲೇ ಬರೆಸ್ತೀನಿ."

ಅಕ್ಕನ ಬಲಗೈ ಮೆಲ್ಲಗೆ ಸೆರಗಿನೊಳಗೆ ಸರಿಯಿತು.

"ಅಯ್ಯೋ, ಕಳಿಸಬೇಡಿ ಸ್ವಾಮಿ!" ಮುದುಕರೇ ಗಾಬರಿಯಾದರು. "ಬದುಕಿರೋರು ಸತ್ರು ಅಂತ ಸುದ್ದಿ ಹುಟ್ಟಿದ್ರೆ ಆಯಸ್ಸು ಜಾಸ್ತಿ ಅಂತಾರಲ್ಲ, ಇದು ಬಂದಾಗಿಂದ ನಮ್ಮನೆಯವಳಿಗೆ ಅದೇ ಚಿಂತೆ. ನೀವೊಬ್ರೇ ಜಾಸ್ತಿ ದಿನ ಇದ್ದು ಏನ್ಮಾಡ್ತೀರಿ, ಸಾರು ಯಾರು ಮಾಡಿಹಾಕ್ತಾರೆ ಅಂತಾಳೆ. ಅವಳ ಹೆಸರಿಗೂ ಒಂದು ತೆಗೆದುಕೊಡಿ."

ಬೈಯಲು ಬಂದ ಗಿರಾಕಿ ಎಂದುಕೊಂಡರೆ, ಆರ್ಡರ್ ಕೊಡಲು ಬಂದಿದ್ದರು. ಯಜಮಾನರು ನಿಧಾನಕ್ಕೆ ಕೂತು, "ಒತ್ತಮ್ಮ" ಎಂದರು. ನಾನು ಒತ್ತಿದೆ. ಮುದುಕರು ಎರಡೂ ಕವರುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೊರಟರು.

ಅವರು ತಿರುವಿನಲ್ಲಿ ಮರೆಯಾಗುವ ತನಕ ಕಾದು ಯಜಮಾನರು ನನ್ನ ಹತ್ತಿರ ಬಂದರು.

"ಮೆಷಿನ್ ಇರ್ಲಿ ಬಿಡು. ಹಾಗೇ ನಂದೂ ಒಂದು ತೆಗಿ. ಇನಿಶಿಯಲ್ ಸರಿಯಾಗಿ ಹಾಕಮ್ಮ, ಆಯಸ್ಸು ಇನ್ಯಾರಿಗೋ ಹೋಗ್ಬಿಟ್ಟೀತು."