ಅಪ್ಪನಾಗಲು ಆರು ದಿನದ ರಜೆ

ನಾನು ಕಾನೂನಿಗೆ ಹೆದರುವ ಮನುಷ್ಯ. ಗದಗಿನ ಒಂದು ಸರ್ಕಾರಿ ಕಚೇರಿಯಲ್ಲಿ ಎಂಟು ವರ್ಷ ಗುಮಾಸ್ತನಾಗಿದ್ದರೂ ಅಲ್ಲಿಯ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವನಲ್ಲ. ಇಂಥ ನಾನು ಸರ್ಕಾರಕ್ಕೇ ಟೋಪಿ ಹಾಕಲು ಹೊರಟದ್ದು ಬೆಟಗೇರಿಯ ವಾಚನಾಲಯದಲ್ಲಿ ಓದಿದ ಒಂದು ಲೇಖನದಿಂದ.

ಅದು ತುರ್ತು ಪರಿಸ್ಥಿತಿಯ ಕಾಲ. ನನ್ನ ಹೆಂಡತಿ ಶಾಂತಾ ಚೊಚ್ಚಲ ಹೆರಿಗೆಗೆಂದು ಲಕ್ಷ್ಮೇಶ್ವರದ ತವರಿಗೆ ಹೋಗಿದ್ದಳು. 'ಹೆಣ್ಣು ಕೂಸು, ಇಬ್ಬರೂ ಕ್ಷೇಮ' ಎಂದು ಮಾವನ ಕಾರ್ಡು ಬಂತು. ಮಗಳ ಮುಖ ನೋಡುವ ಆಸೆ ಎಷ್ಟಿತ್ತೆಂದರೆ, ಅಷ್ಟೇ ಅಕ್ಷರಗಳ ಆ ಕಾರ್ಡನ್ನು ನಾಲ್ಕು ಸಲ ಓದಿದೆ. ಆದರೆ ತೊಟ್ಟಿಲಿಗೆ ಹಾಕುವ ದಿನದವರೆಗೆ ಅಳಿಯ ಆ ಕಡೆ ಸುಳಿಯುವ ವಾಡಿಕೆಯಿಲ್ಲ. ನನ್ನ ಸಾದಾ ರಜೆಯೂ ಮುಗಿದುಹೋಗಿತ್ತು. ಅದೇ ಸಂಜೆ ಆ ಲೇಖನ ಕಣ್ಣಿಗೆ ಬಿತ್ತು. ಸ್ವೀಡನ್ ದೇಶದಲ್ಲಿ ಮಗು ಹುಟ್ಟಿದರೆ ತಾಯಿಗಷ್ಟೇ ಅಲ್ಲ, ತಂದೆಗೂ ಪಗಾರದ ರಜೆ!

ಮರುದಿನವೇ ಎರಡು ಪುಟದ ಅರ್ಜಿ ಬರೆದೆ. ಮೊದಲ ಪುಟದಲ್ಲಿ ಸ್ವೀಡನ್, ಎರಡನೆಯದರಲ್ಲಿ ಫ್ರಾನ್ಸ್, ಕೊನೆಯ ಸಾಲಿನಲ್ಲಿ ನಾನು. ನಮ್ಮ ಹೆಡ್ ಕ್ಲರ್ಕ್ ಪಾಟೀಲರು ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು.

“ಸ್ವೀಡನ್ ಯಾವ ಜಿಲ್ಲಾದಾಗ ಬರತೈತ್ರಿ?”

“ಜಿಲ್ಲಾ ಅಲ್ರಿ ಸರ್, ದೇಶ. ಅಲ್ಲಿ ಕೂಸು ಹುಟ್ಟಿದ್ರ ಅಪ್ಪಗೂ ರಜಾ ಕೊಡ್ತಾರ. ಫ್ರಾನ್ಸಿನಾಗ ಮಕ್ಕಳು ಹೆಚ್ಚಾದಂಗ ಸರ್ಕಾರ ರೊಕ್ಕಾ ಹೆಚ್ಚು ಕೊಡತೈತಿ.”

ಪಾಟೀಲರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಮೆಲ್ಲಕ ಮಾತಾಡ್ರಿ! ಹಡದ್ರ ರೊಕ್ಕಾ? ನಮ್ಮಲ್ಲಿ ಹಡಿಯೋದು ನಿಲ್ಲಿಸಿದ್ರ ರೊಕ್ಕಾ. ಯಾರೋ ತಲಿಕೆಳಗ ಛಾಪಿಸ್ಯಾರ. ಖರೆ ಹೇಳ್ರಿ, ಇದನ್ನ ಬರೀರಿ ಅಂತ ನಿಮಗ ಯಾರು ಹೇಳ್ಯಾರ?”

ಯಾರೂ ಇಲ್ಲ, ಮಗಳನ್ನು ನೋಡಬೇಕು, ಅಷ್ಟೇ ಎಂದೆ. ಅದನ್ನು ಅವರು ನಂಬಲಿಲ್ಲ. ರಜೆಯ ನಿಯಮಗಳ ಪುಸ್ತಕ ತೆಗೆದರು. “ಗಂಡಸಿಗೆ ಸಂಸಾರದ ಸಲುವಾಗಿ ಕೊಡೋ ರಜಾ ಇದರಾಗ ಒಂದ ಐತಿ ನೋಡ್ರಿ. ಮಕ್ಕಳಾಗದಂಗ ಆಪರೇಶನ್ ಮಾಡಿಸ್ಕೊಂಡವರಿಗೆ ಆರು ದಿನ, ಪೂರಾ ಪಗಾರ!”

ಆಗ ಪ್ರತಿ ಕಚೇರಿಯೂ ಇಂತಿಷ್ಟು ಜನರಿಗೆ ಆಪರೇಶನ್ ಮಾಡಿಸಬೇಕಿತ್ತು. ನಮ್ಮಲ್ಲಿ ಒಬ್ಬ ಕಡಿಮೆ ಬಿದ್ದಿದ್ದ. “ಹೆಸರು ಬರದು ಹೋಗ್ರಿ. ಸರ್ಟಿಫಿಕೇಟ್ ಆಮ್ಯಾಲ ಕೊಟ್ರ ಆತು” ಎಂದರು ಪಾಟೀಲರು.

ಸರ್ಕಾರಿ ಕಚೇರಿಯಲ್ಲಿ 'ಆಮೇಲೆ' ಎಂಬುದು ಎಂದೂ ಬರುವುದಿಲ್ಲ ಎಂದು ನನ್ನ ಎಂಟು ವರ್ಷದ ಅನುಭವ ಹೇಳಿತು. ಆಪರೇಶನ್ ರಜೆಯ ಅರ್ಜಿ ಬರೆದು ಸಹಿ ಹಾಕಿದೆ. ಎರಡೂ ಅರ್ಜಿಗಳ ನಕಲನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ನಗುತ್ತಿದ್ದೆ.

ಲಕ್ಷ್ಮೇಶ್ವರದಲ್ಲಿ ಅತ್ತೆ ಅರ್ಧ ಬಾಗಿಲು ತೆರೆದರು. ಮೊದಲು ನನ್ನ ಚೀಲ ನೋಡಿದರು, ಆಮೇಲೆ ನನ್ನನ್ನು.

“ತೊಟ್ಟಿಲಕ್ಕ ಇನ್ನೂ ಎಂಟು ದಿನ ಐತಲ್ರಿ ಅಳಿಯಾಂದ್ರ?”

“ಕೂಸು ನೋಡ್ಕೊಳ್ಳಾಕ ಸರ್ಕಾರ ರಜಾ ಕೊಟ್ಟೈತ್ರಿ ಅತ್ತಿ.”

“ಸರ್ಕಾರ? ಗಂಡಸಿಗೆ? ಕೂಸು ನೋಡಾಕ?” ಅತ್ತೆ ಒಳಗೆ ತಿರುಗಿ ಮಾವನಿಗೆ ಹೇಳಿದ್ದು ನನಗೂ ಕೇಳಿಸಿತು: “ನೌಕರಿ ಹೋಗೇತಿ ನೋಡ್ರಿ.”

ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ. ನನ್ನ ಪಾಲಿಗೆ ಬಂದದ್ದು ಹೊರಗಿನ ಕಟ್ಟೆ. ಓಣಿಯವರು ಹೋಗುವಾಗ ಬರುವಾಗ ನಿಂತು, “ಯಾವಾಗ ಹೊಂಟ್ರಿ?” ಎಂದು ಕೇಳುತ್ತಿದ್ದರು. ಯಾರೊಬ್ಬರೂ ಯಾವಾಗ ಬಂದಿರೆಂದು ಕೇಳಲಿಲ್ಲ. ಮಾವ ತಮ್ಮ ಕೈಗಡಿಯಾರ ಬಿಚ್ಚಿ ಟ್ರಂಕಿನೊಳಗಿಟ್ಟು ಕೀಲಿ ಹಾಕಿದರು. ಕೂಸಿನ ಅಳು ಕೇಳಿದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ, ಅತ್ತೆಯ ಮುಖ ಕಂಡು ಮತ್ತೆ ಕೂರುತ್ತಿದ್ದೆ.

ಎರಡನೆಯ ದಿನ ಶಾಂತಾ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು. “ಖರೆ ಹೇಳ್ರಿ, ಏನ್ ಮಾಡಿ ಬಂದೀರಿ?”

“ಏನೂ ಇಲ್ಲ. ಕೂಸು ನೋಡಾಕ ಬಂದೀನಿ.”

“ಕೂಸು ನೋಡೋರು ರವಿವಾರ ಬಂದು ಸಂಜಿಕ ಹೋಗ್ತಿದ್ರಿ. ಅದಕ್ಕ ಆರು ದಿನ ಯಾಕ ಬೇಕು?”

ರವಿವಾರ! ಅದು ನನಗೆ ಹೊಳೆದೇ ಇರಲಿಲ್ಲ!

ಮೂರನೆಯ ದಿನ ಓಣಿಗೆ ಒಂದು ಜೀಪು ಬಂತು. ಆ ಕಾಲದಲ್ಲಿ ಜೀಪಿನ ಸದ್ದು ಕೇಳಿದರೆ, ಆಪರೇಶನ್ನಿಗೆ ಹಿಡಿದೊಯ್ಯಲು ಬಂದರೆಂದು ಗಂಡಸರು ಹಿತ್ತಲ ಬಾಗಿಲು ಹುಡುಕುತ್ತಿದ್ದರು. ಅರವತ್ತು ದಾಟಿದ ನಮ್ಮ ಮಾವ ಕೂಡ ಅಟ್ಟ ಹತ್ತಿದರು! ಜೀಪಿನಿಂದ ಇಳಿದವನು ನಮ್ಮ ಕಚೇರಿಯ ಜವಾನ ಯಲ್ಲಪ್ಪ. ಅವನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

“ಬಸವರಾಜಪ್ನೋರ, ಜಲ್ದಿ ನಿಮ್ಮ ಆಪರೇಶನ್ ಸರ್ಟಿಫಿಕೇಟ್ ಕೊಡ್ರಿ! ನಾಳೆ ಸಾಹೇಬ್ರು ನಿಮಗ ಹಾರ ಹಾಕಾವ್ರದಾರ!”

ಅತ್ತೆ ತಲೆಗೆ ಕೈಹೊತ್ತು ಹೊಸ್ತಿಲ ಮೇಲೇ ಕುಳಿತರು. “ಅಯ್ಯ ಶಿವನ! ಒಂದು ಹೆಣ್ಣು ಹುಟ್ಟಿದ್ದಕ್ಕ ಹಿಂಗ ಮಾಡ್ಕೊಂಡು ಬಂದ್ರಲ್ರಿ! ನನ್ನ ಮಗಳ ಗತಿ ಏನು?”

ಓಣಿಯ ಜನ ಕೂಡಿದರು. ಆಪರೇಶನ್ ಆಗಿದೆ ಎಂದರೆ ಹೆಂಡತಿ ಹೋಗುತ್ತಾಳೆ, ಆಗಿಲ್ಲ ಎಂದರೆ ನೌಕರಿ ಹೋಗುತ್ತದೆ. ನಾನು ಒಮ್ಮೆ ಅತ್ತೆಯನ್ನು, ಒಮ್ಮೆ ಯಲ್ಲಪ್ಪನನ್ನು ನೋಡುತ್ತ ಬೆವರಿದೆ.

ಆಗ ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನೆತ್ತಿಕೊಂಡು ಶಾಂತಾ ಹೊರಗೆ ಬಂದಳು. ಇನ್ನೊಂದು ಕೈಯಲ್ಲಿ ನನ್ನ ಅರ್ಜಿಗಳು!

“ಇವರಿಗೆ ಏನೂ ಆಗಿಲ್ಲವ್ವ. ಸೂಜಿ ಕಂಡ್ರ ಕಣ್ಣು ಮುಚ್ಚೋ ಮನಶ್ಯಾ! ಮಗಳ ಮಾರಿ ನೋಡಾಕ ಸುಳ್ಳು ಬರದು ಬಂದಾರ. ಬಂದ ದಿನಾನ ಇವರ ಚೀಲಾ ತಗದು ಓದೀನಿ. ತಾವಾಗೇ ಹೇಳ್ತಾರೋ ಇಲ್ಲೋ ನೋಡೋಣಂತ ಸುಮ್ನಿದ್ದೆ.”

ಎಲ್ಲರ ಎದುರಿಗೇ ಮಗಳನ್ನು ನನ್ನ ಕೈಗೆ ಕೊಟ್ಟಳು. ಪುಟ್ಟ ಮುಖ, ಮುಚ್ಚಿದ ಮುಷ್ಟಿ. ಇದಕ್ಕೊಂದು ರಜೆ ಯಾವ ಪುಸ್ತಕದಲ್ಲೂ ಇಲ್ಲದಿದ್ದರೆ ತಪ್ಪು ಆ ಪುಸ್ತಕದ್ದೇ ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಮಗಳು ಕಣ್ಣು ತೆರೆದು ನನ್ನನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು, ಓಣಿಯೆಲ್ಲ ಕೇಳುವಂತೆ ಅತ್ತಳು. ಅತ್ತೆ ಥಟ್ಟನೆ ಕಸಿದುಕೊಂಡರು.

“ನಾ ಸಾಹೇಬ್ರಿಗೆ ಏನ್ ಹೇಳ್ಲಿರೆವ್ವಾ?” ಎಂದು ಯಲ್ಲಪ್ಪ ಅತ್ತೆಯನ್ನು ಕೇಳಿದ.

“ಅಳಿಯಾಂದ್ರ ತಲಿ ನೆಟ್ಟಗಿಲ್ಲ ಅಂತ ಹೇಳಪ್ಪಾ” ಎಂದರು ಅತ್ತೆ.

ನೌಕರಿ ಉಳಿಯಲು ಅದೊಂದೇ ದಾರಿ ಕಂಡಿತು. ಅಂದೇ ಓಣಿಯ ತುದಿಯ ಡಾಕ್ಟರ ಬಳಿ ಹೋಗಿ, ವಾಚನಾಲಯದಿಂದ ಹಿಡಿದು ನಡೆದದ್ದನ್ನೆಲ್ಲ ಇದ್ದಂತೆಯೇ ಹೇಳಿದೆ. ಅವರು ಮತ್ತೇನೂ ಕೇಳದೆ ‘ಚಿತ್ತಸ್ವಾಸ್ಥ್ಯವಿಲ್ಲ, ಆರು ದಿನ ವಿಶ್ರಾಂತಿ ಬೇಕು’ ಎಂದು ಬರೆದುಕೊಟ್ಟರು. ಆಪರೇಶನ್ ಸರ್ಟಿಫಿಕೇಟಿನ ಬದಲು ಅದನ್ನು ಕಚೇರಿಯಲ್ಲಿ ಕೊಟ್ಟೆ. ನನ್ನ ಯಾವ ಮಾತನ್ನೂ ನಂಬದ ಪಾಟೀಲರು ಆ ಕಾಗದದ ಮೇಲೆ ಮರುಮಾತಿಲ್ಲದೆ ಸಹಿ ಹಾಕಿದರು!