ನಮ್ಮತ್ತೆಯ ಬೆಸುಗೆ

ಲೋಕದ ಅತ್ತೆಯರೆಲ್ಲ ಸೊಸೆ ಮಾಡಿದ ಸಾರಿಗೆ ಉಪ್ಪು ಸರಿಯಿದೆಯೇ ಎಂದು ನೋಡಿದರೆ, ನಮ್ಮತ್ತೆ ನೋಡುತ್ತಿದ್ದದ್ದು ಸೊಸೆಯ ಬೆಸುಗೆ ಹೊಳೆಯುತ್ತಿದೆಯೇ ಎಂದು! ನಾನು ಮದುವೆಯಾಗಿ ಕುಶಾಲನಗರದ ಪಕ್ಕದ ಈ ಮನೆಗೆ ಬಂದ ದಿನವೇ ಕಂಡಿದ್ದೆ, ಅಡುಗೆಮನೆಯಲ್ಲಿ ಶಾವಿಗೆ ಒರಳಿನ ಪಕ್ಕ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ನೇತಾಡುತ್ತಿತ್ತು. ಅತ್ತೆ ಹಾಸನದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ತಮ್ಮ ಅಪ್ಪನಿಂದ ಕಲಿತ ವಿದ್ಯೆಯಂತೆ. ಬೇರೆ ಹೆಣ್ಣುಮಕ್ಕಳು ತವರಿನಿಂದ ಬೆಳ್ಳಿ ತಟ್ಟೆ ತಂದರೆ ಇವರು ಐರನ್ನು ತಂದಿದ್ದರು.

ಮನೆಗೆ ಹೊಸ ಟಾರ್ಚ್ ತಂದರೂ ಮೊದಲು ಬಿಚ್ಚಬೇಕು, ಹಚ್ಚುವುದು ಆಮೇಲೆ. "ಒಳಗೆ ಏನ್ ಗಲೀಜು ಮಾಡಿ ಕಳ್ಸವ್ರೋ ಯಾರ್ ಕಂಡೋರು!" ಎನ್ನುತ್ತಿದ್ದರು.

ಸೋಮವಾರಪೇಟೆಯಲ್ಲಿ ನೆಂಟರ ಮದುವೆ. ಮೈಕು ಗೊರಗೊರ ಎನ್ನತೊಡಗಿತು. ಅತ್ತೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಬ್ಯಾಗಿನಿಂದ ಐರನ್ ತೆಗೆದು ಕೂತೇಬಿಟ್ಟರು. ಮದುವೆಗೆ ಐರನ್ ಏಕೆ ತಂದಿದ್ದರು ಎಂದು ಕೇಳುತ್ತೀರಾ? ನಾನು ಕೇಳುವ ಧೈರ್ಯ ಮಾಡಲಿಲ್ಲ. ಹಿರಿಯರೊಬ್ಬರು ಬಂದು, "ನೀವು ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?" ಎಂದರು.

"ಮೈಕಿನ ಕಡೆಯೋಳು!" ಎಂದರು ಅತ್ತೆ, ತಲೆ ಎತ್ತದೆ.

ನನಗೂ ಪಾಠ ಶುರುವಾಯಿತು. ತಂತಿಯನ್ನು ಬ್ಲೇಡಿನಿಂದ ಹೆರೆದು, ಸೀಸ ಹಿಡಿಯಲೆಂದು ರಾಳ ಮುಟ್ಟಿಸಬೇಕು. ತಂತಿ ಕಾದ ಮೇಲೇ ಸೀಸ. ಆರುವ ತನಕ ಕೈ ಅಲುಗಬಾರದು. "ಕಾದ ತಂತಿ ತಾನೇ ಸೀಸ ಕುಡೀಬೇಕು ಕಣವ್ವ, ನೀನು ಮೆತ್ತೋದಲ್ಲ." ನನಗೋ ಅವಸರ. ನನ್ನ ಮೊದಲ ಬೆಸುಗೆಯನ್ನು ಕನ್ನಡಕ ಏರಿಸಿ ನೋಡಿ, "ಇದೇನು ಬೆಸುಗೆಯೋ ಕಡಂಬುಟ್ಟೋ?" ಎಂದರು. ಚಿಮಟದಿಂದ ಎಳೆದರು, ಕಿತ್ತು ಬಂತು. ಅಕ್ಕಿತರಿಯ ಉಂಡೆ ಕಡಂಬುಟ್ಟಿಗಾದರೆ ಹಂದಿಮಾಂಸದ ಪಂದಿಕರಿಯಾದರೂ ಜೊತೆಗಿರುತ್ತಿತ್ತು!

ಹೀಗೆ ನಗುತ್ತಿದ್ದ ಮನೆಯಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಬಲಗೈ ಹೆಬ್ಬೆರಳು ಮಾತ್ರ ಆಡುತ್ತಿತ್ತು. "ಅಂಗಡಿಯಿಂದ ಕರೆಂಟ್ ಬೆಲ್ ತಂದ್ರಾಗಲ್ವಾ ಅತ್ತೆ?" ಎಂದೆ. "ಮಳೇಲಿ ಕರೆಂಟ್ ಹೋದ್ರೆ ಅವ್ರು ಯಾರನ್ನ ಕರೀಬೇಕು?" ಎಂದು ಅತ್ತೆ ಮೂರು ದಿನ ಕೂತು ಬ್ಯಾಟರಿಯ ಬೆಲ್ಲು ಕಟ್ಟಿದರು. ಮಾವ ಗುಂಡಿ ಒತ್ತಿದರೆ ಕಾಫಿ ಒಣಗಿಸುವ ಕಣದ ತನಕ ಕೇಳುತ್ತಿತ್ತು. ಅವರಿಗೆ ಉಳಿದಿದ್ದ ದನಿ ಅದೊಂದೇ.

ಒಂದು ಸಂಜೆ ಅತ್ತೆ ಸಂತೆಗೆ ಹೋಗಿದ್ದಾಗ, ಹಾಸಿಗೆ ಬದಲಿಸುವಾಗ ನನ್ನ ಕೈ ತಾಗಿ ಗುಂಡಿಯ ತಂತಿ ಕಿತ್ತು ಬಂತು. ಅವರು ಬಂದರೆ ಪುರಾಣ ಕೇಳಬೇಕಲ್ಲ ಎಂದು ತಂತಿ ಹೆರೆಯದೆ, ಕಾಯಿಸದೆ ಸೀಸ ಮೆತ್ತಿದೆ. ಒತ್ತಿ ನೋಡಿದೆ, ಬೆಲ್ಲು ಕೂಗಿತು. ಅಷ್ಟು ಸಾಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾವೆಲ್ಲ ಕಣದಲ್ಲಿ ಕಾಫಿ ಹರಡುತ್ತಿದ್ದೆವು. ಒಳಗೆ ಬಂದರೆ ಮಾವ ಮಂಚದಿಂದ ಅರ್ಧ ಜಾರಿದ್ದಾರೆ. ಬಟ್ಟೆ ಒದ್ದೆ, ಕಣ್ಣಲ್ಲಿ ನೀರು. ಹೆಬ್ಬೆರಳು ಇನ್ನೂ ಗುಂಡಿಯನ್ನು ಒತ್ತುತ್ತಲೇ ಇದೆ. ತಂತಿ ಬಿಟ್ಟುಹೋಗಿತ್ತು.

"ಯಾರು ಮಾಡಿದ್ದು ಇದನ್ನ?" ಎಂದು ನನ್ನ ಗಂಡ ಕೂಗಾಡಿದರು.

ಅತ್ತೆ ಗುಂಡಿಯನ್ನು ಎತ್ತಿ ಆ ಮಂಕು ಮುದ್ದೆಯನ್ನು ನೋಡಿದರು. ನನ್ನನ್ನೂ ಒಮ್ಮೆ ನೋಡಿದರು. "ನಾನೇ ಕಣೋ. ಕಣ್ಣು ಮಂಜಾಗೈತೆ, ಕೈ ನಡುಗ್ತದೆ. ಬೆಸುಗೆ ಹಿಡೀಲಿಲ್ಲ" ಎಂದರು.

ಅವರ ಕೈ ನಡುಗಿದ್ದನ್ನು ನಾನು ಕಂಡೇ ಇರಲಿಲ್ಲ!

ಮಾವನನ್ನು ಒರೆಸಿ ಮಲಗಿಸಿದ ಮೇಲೆ ಅತ್ತೆ ಐರನ್ ಕಾಯಿಸಿ ನನ್ನ ಕೈಗೆ ಕೊಟ್ಟರು. "ಕೈ ನಡುಗ್ತದೆ ಅಂತ ಅವ್ನಿಗೆ ಹೇಳ್ಬಿಟ್ಟೆ. ಇನ್ನು ನೀನೇ ಮಾಡ್ಬೇಕು." ಅಳುತ್ತಲೇ ಹೆರೆದೆ, ಕಾಯಿಸಿದೆ, ಕಾದೆ. ಮಾವ ಒತ್ತಿದರು, ಬೆಲ್ಲು ಕೂಗಿತು. ಅವರು ಇದ್ದಷ್ಟು ದಿನ ಅದು ಮತ್ತೆ ತಪ್ಪಲಿಲ್ಲ.

ಈಗ ಅತ್ತೆ, ಮಾವ ಇಬ್ಬರೂ ಇಲ್ಲ. ನನ್ನ ಗಂಡನಿಗೆ ನಿಜ ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅತ್ತೆಯಂತೂ ಆ ಒಂದು ಸುಳ್ಳನ್ನು ಉಳಿಸಲು, ಅಂದಿನಿಂದ ಸಾಯುವ ತನಕ ಯಾರೆದುರೂ ಐರನ್ ಮುಟ್ಟಲಿಲ್ಲ.